ಕಾರ್ಪೆಟ್ಟಿಗೆ ಮೂಗಿಟ್ಟವನು

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಯಾರ ಮನೆಯ ಕಾರ್ಪೆಟ್ಟು ನಾರಿದರೂ ಫೋನು ಬರುತ್ತಿದ್ದದ್ದು ರಮೀಝನಿಗೆ. ಬಿ.ಸಿ.ರೋಡಿನಲ್ಲಿ ಈ ಕೆಲಸ ಮಾಡುವವರು ಬೇರೆಯೂ ಇದ್ದರು. ಅವನಿಗಿಂತ ದೊಡ್ಡ ಯಂತ್ರ, ಹೊಸ ವ್ಯಾನು ಇಟ್ಟುಕೊಂಡವರೂ ಇದ್ದರು. ಆದರೆ ಅವರೆಲ್ಲ ಬರೀ ತೊಳೆಯುವವರು, ರಮೀಝ್ ಮೂಸುವವನು. ದುಬೈಯ ದೇರಾದಲ್ಲಿ ಹದಿನಾಲ್ಕು ವರ್ಷ ಅತ್ತರಿನ ಅಂಗಡಿಯಲ್ಲಿ ನಿಂತು ಬಂದ ಮೂಗು ಅದು.

ಅವನು ಮೂಸುವುದನ್ನು ನೋಡುವುದಕ್ಕೇ ಮನೆಮಂದಿಯೆಲ್ಲ ಬಂದು ನಿಲ್ಲುತ್ತಿದ್ದರು. ಮೊದಲು ತಲೆಯ ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಳ್ಳುವನು. ಆಮೇಲೆ ಎರಡೂ ಮೊಣಕಾಲೂರಿ, ಅಂಗೈಗಳನ್ನು ನೆಲಕ್ಕಿಟ್ಟು, ಕಾರ್ಪೆಟ್ಟಿನ ನೂಲಿಗೆ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಳ್ಳುವನು. ಎದ್ದು ಕೂತು, "ಹಾಲು. ಚೆಲ್ಲಿ ಎರಡು ವಾರ ಆಗಿದೆ" ಎನ್ನುವನು. "ಬೆಕ್ಕು. ನಿಮ್ಮದಲ್ಲ, ಪಕ್ಕದ ಮನೆಯದ್ದು" ಎನ್ನುವನು. ಪಕ್ಕದ ಮನೆಯ ಬೆಕ್ಕೆಂದ ಮೇಲೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ?

ಆ ಮೂಗು ಸತ್ತು ನಾಲ್ಕು ವರ್ಷಗಳಾಗಿದ್ದವು.

ಕೊರೋನದ ಎರಡನೇ ಅಲೆಯಲ್ಲಿ ಅವನಿಗೆ ಐದು ದಿನ ಜ್ವರ ಬಂದಿತ್ತು. ಆರನೆಯ ದಿನ ಜ್ವರ ಹೋಯಿತು, ವಾಸನೆಯೂ ಹೋಯಿತು. ಮಂಗಳೂರಿನ ಡಾಕ್ಟರು ಮೂರು ತಿಂಗಳಲ್ಲಿ ಬರುತ್ತದೆ ಎಂದರು, ಆಮೇಲೆ ಆರು ತಿಂಗಳು ಎಂದರು, ಆಮೇಲೆ ಏನೂ ಹೇಳಲಿಲ್ಲ. ಜ್ವರ ಬರುವ ಮೊದಲೇ ದೇರಾದ ಅಂಗಡಿ ಮುಚ್ಚಿ, ಊರಿನಲ್ಲಿ ಈ ಕೆಲಸ ಶುರುಮಾಡಿ ಆಗಿತ್ತು. ಹೇಗೂ ಮೂಗು ಬಂದೇ ಬರುತ್ತದಲ್ಲ, ಅಲ್ಲಿಯವರೆಗೆ ದೂಡುವ ಎಂದುಕೊಂಡವನು ದೂಡುತ್ತಲೇ ಉಳಿದ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ತಾನು ಬಕೆಟ್ಟು ಹಿಡಿದುಕೊಂಡು ಮನೆಮನೆ ಸುತ್ತುವ ನಲವತ್ತೊಂದರ ಒಬ್ಬ ಗಂಡಸು ಅಷ್ಟೇ ಆಗುತ್ತೇನೆಂಬ ಹೆದರಿಕೆ ಅವನಿಗೆ.

ಹಾಗಾದರೆ ಕೆಲಸ ಹೇಗೆ ನಡೆಯುತ್ತಿತ್ತು? ಬಹಳ ಸುಲಭವಾಗಿ. ನಾತದ ವಿಷಯ ಬಂದರೆ ಜನ ತಾವೇ ಎಲ್ಲವನ್ನೂ ಬಾಯಿ ಬಿಡುತ್ತಾರೆ. ಫೋನಿನಲ್ಲಿ ಅರ್ಧ ಹೇಳುತ್ತಾರೆ, ಬಾಗಿಲಲ್ಲಿ ಉಳಿದರ್ಧ. ಅದನ್ನೇ ಒಂದಿಷ್ಟು ಬೆನ್ನು ಬಗ್ಗಿಸಿ ತಿರುಗಿ ಹೇಳಿದರಾಯಿತು. ನಾತ ಹೋಯಿತೋ ಇಲ್ಲವೋ ತಿಳಿಯಲು ಅವನು ಮನೆಯವರ ಮೂಗು ನೋಡುತ್ತಿದ್ದ. ಹೊಳ್ಳೆ ಬಿಗಿದಿದೆಯೇ, ಸಡಿಲವಾಗಿದೆಯೇ, ಮಾತಾಡುವಾಗ ಬಾಯಿಯಿಂದ ಉಸಿರಾಡುತ್ತಿದ್ದಾರೆಯೇ ಎಂಬುದನ್ನೆಲ್ಲ ಗಮನಿಸುತ್ತಿದ್ದ. ನಾಲ್ಕು ವರ್ಷಗಳಲ್ಲಿ ಬೇರೆಯವರ ಮೂಗು ಓದುವುದರಲ್ಲಿ ಅವನಷ್ಟು ಪಳಗಿದವನು ಈ ಮೂರು ತಾಲೂಕುಗಳಲ್ಲಿ ಇರಲಿಕ್ಕಿಲ್ಲ. ಕೊನೆಗೊಮ್ಮೆ ಕೆಂಡದ ಮೇಲೆ ಊದು ಎಂಬ ಸುಗಂಧದ ಮರದ ಚೂರು ಹಾಕಿ, ಧೂಪದ ಪಾತ್ರೆಯನ್ನು ಕಾರ್ಪೆಟ್ಟಿನ ಉದ್ದಗಲಕ್ಕೂ ಆಡಿಸಿಬಿಟ್ಟರೆ ಉಳಿದ ತಪ್ಪುಗಳೂ ಹೊಗೆಯಲ್ಲಿ ಮುಚ್ಚಿಹೋಗುತ್ತಿದ್ದವು. ಅತಿಥಿಗಳು ಬರುವ ಮನೆಯಲ್ಲಿ ಊದು ಹಾಕುವುದು ಕರಾವಳಿಯ ಬ್ಯಾರಿ ಮುಸ್ಲಿಮರಿಗೆ ಹೇಗೂ ರೂಢಿ. ಹಾಗಾಗಿ ಅವನು ಬರುವ ದಿನ ಗಿರಾಕಿಗಳೇ ಕೆಂಡ ಮಾಡಿ ಇಡುತ್ತಿದ್ದರು.

ಆದರೂ ಪ್ರತಿದಿನ ಬೆಳಿಗ್ಗೆ ವ್ಯಾನು ಹತ್ತುವಾಗ, ಇವತ್ತು ಸಿಕ್ಕಿಬೀಳುತ್ತೇನೆ ಎಂದುಕೊಂಡೇ ಅವನು ಹೊರಡುತ್ತಿದ್ದ.

ಜಡಿಮಳೆಯ ಆಟಿ ತಿಂಗಳು ಮುಗಿದು ಬಿಸಿಲು ಇಣುಕುವ ಹೊತ್ತಿಗೆ ಅವನಿಗೆ ಬಿಡುವಿರುವುದಿಲ್ಲ. ಅಂಥದೊಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಣೆಮಂಗಳೂರಿನಿಂದ ಸಮೀನಾಳ ಫೋನು ಬಂತು. ಅವಳು ಅಬ್ದುಲ್ ಸಮದ್ ಹಾಜಿಯವರ ಸೊಸೆ. ಗಂಡ ಇಹ್ಸಾನ್ ಸೌದಿಯ ಜುಬೈಲಿನಲ್ಲಿದ್ದ. ಹಾಜಿಯವರ ಕಿರಿಯ ಮಗಳನ್ನು ನೋಡಲು ಆ ದಿನ ನಾಲ್ಕು ಗಂಟೆಗೆ ಮೂಡುಬಿದಿರೆಯಿಂದ ಗಂಡಿನ ಕಡೆಯವರು ಬರುವವರಿದ್ದರು.

"ರಮೀಝಾಕ, ನೀವು ಈಗಲೇ ಬರಬೇಕು. ಹಾಲ್‌ನ ಕಾರ್ಪೆಟ್ಟು ಏನು ನಾರ್ತದೆ ಅಂತೀರಿ! ಮುಟ್ಟೆಮಾಲೆ ಸಿಹಿ ಮಾಡ್ಲಿಕ್ಕೆ ತಂದ ಮೊಟ್ಟೆ ಮೊನ್ನೆ ನಮ್ಮ ಮಗಳು ಆಫ್ರಾ ಹೊತ್ತುಕೊಂಡು ಹೋಗಿ ಬೀಳಿಸಿದ್ದಾಳೆ. ಆರೇಳು ಒಡೆದಿದೆ. ಒರೆಸಿದ್ದೆ. ನಿನ್ನೆ ರಾತ್ರಿಯಿಂದ ಕೊಳೆತ ಮೊಟ್ಟೆಯ ಹಾಗೆ ನಾತ."

"ಬರ್ತೇನೆ. ಹೆದರಬೇಡಿ" ಎಂದ ರಮೀಝ್. ಯಾವ ನಾತವೆಂದು ಅವಳೇ ಹೇಳಿದ್ದಳು. ಇನ್ನು ಮೂಸುವ ನಾಟಕವೊಂದೇ ಬಾಕಿ.

ಅವನು ತಲಪುವಾಗ ಹನ್ನೊಂದಾಗಿತ್ತು. ಹಿತ್ತಲಲ್ಲಿ ಅಡುಗೆಯ ಅಬ್ಬಾಸ್ ಮೂರು ಕಲ್ಲಿನ ಒಲೆ ಹೂಡಿ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದ. ಬೆಳಗಿನ ಚಹಾ ಕೂಡ ಅಲ್ಲೇ ಆಗಿತ್ತು. ಒಳಗಿನ ಅಡುಗೆಮನೆಯನ್ನು ಹಿಂದಿನ ದಿನ ಸಂಜೆಯೇ ತೊಳೆದು, ಒರೆಸಿ, ಅತಿಥಿಗಳಿಗೆ ಚಂದ ಕಾಣಲಿ ಎಂದು ಬಾಗಿಲು ಹಾಕಿಟ್ಟಿದ್ದರು. ಹೊಸ ಪರದೆಗಳಿಗೆ ಹೊಗೆ, ಬೂದಿ ತಾಗಬಾರದೆಂದು ಹಾಲ್‌ನ ಕಿಟಕಿಗಳನ್ನೂ ಮುಚ್ಚಿದ್ದರು. ಗಲ್ಫಿನ ದುಡ್ಡಿನಲ್ಲಿ ಕಟ್ಟಿಸಿದ ದೊಡ್ಡ ಮನೆ ಅದು. ಊಟದ ಕೋಣೆಯಿಂದ ಎರಡು ಮೆಟ್ಟಿಲು ಇಳಿದರೆ ಹಾಲ್, ಅದರ ತುಂಬ ಗೋಡೆಯಿಂದ ಗೋಡೆಗೆ ಹಾಸಿದ ಕೆಂಪು ಕಾರ್ಪೆಟ್ಟು.

ಹಾಜಿಯವರು ಸೋಫಾದಲ್ಲಿ ಕೂತು ನೆಗಡಿಯ ಮೂಗನ್ನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಸೈನಬ ಮೊಣಕಾಲು ನೋವಿನ ಹೆಂಗಸು. ಎರಡು ಮೆಟ್ಟಿಲು ಇಳಿದು ಹತ್ತುವುದೇಕೆಂದು ಮೇಲಿನ ಊಟದ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಸಮೀನಾ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ದಾರಿ ತೋರಿಸಿದಳು. ಮೂರು ವರ್ಷದ ಆಫ್ರಾ ಅವಳ ಕಾಲಿಗೆ ಸುತ್ತಿಕೊಂಡಿದ್ದಳು. ಗಂಡಿನವರು ನೋಡಬೇಕಾದ ಹುಡುಗಿ ಪಕ್ಕದ ಮನೆಗೆ ಮೆಹಂದಿ ಹಾಕಿಸಿಕೊಳ್ಳಲು ಹೋಗಿದ್ದಳು.

ರಮೀಝ್ ಟೊಪ್ಪಿ ತೆಗೆದ. ಮೊಣಕಾಲೂರಿದ. ಮೊಟ್ಟೆ ಬಿದ್ದ ಕಲೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದ. ಒಳಗೆ ಹೋದದ್ದು ಬರೀ ಗಾಳಿ, ನಾಲ್ಕು ವರ್ಷಗಳಿಂದ ಹೋಗುತ್ತಿರುವ ಅದೇ ಸಪ್ಪೆ ಗಾಳಿ.

"ಮೊಟ್ಟೆ" ಎಂದ.

ಸಮೀನಾ ತುಸು ಹಿಂಜರಿದಳು. "ಮೊಟ್ಟೆಯದ್ದೇನಾ? ನನಗೆ ಒಮ್ಮೆ ಬೇರೆ ಏನೋ ಅಂತ ಕಂಡಿತು. ರಾತ್ರಿಗಿಂತ ಈಗ ಜಾಸ್ತಿ ಉಂಟು. ಇಡೀ ಹಾಲ್‌ನಲ್ಲಿ ಉಂಟು."

ಇಲ್ಲಿ ಒಬ್ಬ ಮನುಷ್ಯ, ಹೌದಾ, ಸ್ವಲ್ಪ ನೋಡುವ ಎಂದು ಹೇಳಬಹುದಿತ್ತು. ಆದರೆ ನೋಡಲು ಅವನಲ್ಲಿ ಏನಿತ್ತು? ಅವಳ ಅನುಮಾನ ತನ್ನ ಗುಟ್ಟಿನ ಮೇಲೇ ಕೈಯಿಟ್ಟಂತಾಗಿ ಅವನಿಗೆ ಬೆವರೊಡೆಯಿತು. ಬೆವರಿದವನು ಯಾವಾಗಲೂ ಮಾಡುವಂತೆ ಅವನೂ ದನಿ ಏರಿಸಿದ.

"ಮೊಟ್ಟೆಯದ್ದೇ. ದಾರದ ಬುಡಕ್ಕೆ ಇಳಿದಿದೆ, ಹಾಗಾಗಿ ಹರಡಿದೆ. ಹದಿನಾಲ್ಕು ವರ್ಷ ದುಬೈಯಲ್ಲಿ ಮೂಸುವ ಕೆಲಸವೇ ಮಾಡಿದವ ನಾನು."

"ಅವನಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?" ಎಂದು ಹಾಜಿಯವರು ಸೊಸೆಯನ್ನು ಗದರಿದರು. ಸಮೀನಾ ಸೆರಗನ್ನು ಮತ್ತೆ ಮೂಗಿಗೆ ಒತ್ತಿಕೊಂಡಳು.

ಅವನು ಸೋಡಾಪುಡಿ ಚೆಲ್ಲಿ, ಬ್ರಶ್ಶಿನಿಂದ ನೂಲಿಗೆ ತಿಕ್ಕಿದ. ನೀರು ಹೀರುವ ಯಂತ್ರವನ್ನು ತಂದು ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತಿದ. ಯಂತ್ರ ಸದ್ದು ಮಾಡಲಿಲ್ಲ.

"ಕರೆಂಟು ಈಗಷ್ಟೇ ಹೋಯಿತು" ಎಂದಳು ಸಮೀನಾ. "ಇನ್ವರ್ಟರಿನಲ್ಲಿ ಲೈಟು, ಫ್ಯಾನು ಮಾತ್ರ. ಅದನ್ನೂ ಹೊತ್ತಿಸಿಲ್ಲ, ಸಂಜೆಗೆ ಉಳಿಯಲಿ ಅಂತ."

"ಇರಲಿ. ಬಂದಾಗ ಅದೇ ಶುರುವಾಗ್ತದೆ" ಎಂದು ರಮೀಝ್ ಸ್ವಿಚ್ಚನ್ನು ಹಾಗೆಯೇ ಬಿಟ್ಟ. ಗಂಟೆ ಹನ್ನೊಂದೂವರೆ. ಹೊತ್ತು ಹೋಗುತ್ತಿದೆಯೆಂದು ಮನೆಯವರ ಮುಖ ಬಿಗಿಯುವುದನ್ನು ಕಂಡು, ಏನಾದರೂ ಮಾಡುತ್ತಿದ್ದಂತೆ ಕಾಣಬೇಕಲ್ಲ ಎಂದು ಊಟದ ಕೋಣೆಯ ಕಡೆ ತಿರುಗಿ ಹೇಳಿದ, "ಉಮ್ಮಾ, ಅಷ್ಟರಲ್ಲಿ ಅಬ್ಬಾಸನ ಒಲೆಯಿಂದ ನಾಲ್ಕು ಕೆಂಡ ಧೂಪದ ಪಾತ್ರೆಗೆ ಹಾಕಿಸಿ. ಒಮ್ಮೆ ಊದು ಹಿಡಿಯುವ. ನಾತ ಸಡಿಲ ಆಗ್ತದೆ."

ಸೈನಬ ಮೊಣಕಾಲಿಗೆ ಕೈಯೂರಿ ಎದ್ದರು. ಬದಿಯ ಬಾಗಿಲಿನಿಂದ ಹಿತ್ತಲಿಗೆ ಇಳಿದುಹೋದರು. ಹಾಜಿಯವರು ಶಾಮಿಯಾನದವನು ಬಂದನೇ ನೋಡುವುದಕ್ಕೆ ಹೊರಗೆ ಹೋದರು. ಸಮೀನಾ ಮಗುವಿಗೆ ತೊಡಿಸುವ ಅಂಗಿ ತರಲೆಂದು ಕೋಣೆಗೆ ಹೋದಳು. ಹಾಲ್‌ನಲ್ಲಿ ಉಳಿದದ್ದು ರಮೀಝ್ ಮತ್ತು ಆಫ್ರಾ.

ಮಗು ಮೂಗು ಹಿಡಿದುಕೊಂಡಿತ್ತು. ಪುಟ್ಟ ಬೆರಳುಗಳಿಂದ ಹೊಳ್ಳೆ ಒತ್ತಿ, ಅವನನ್ನೇ ನೋಡುತ್ತಿತ್ತು. ರಮೀಝ್ ಬ್ರಶ್ಶು ಆಡಿಸುತ್ತ ಅಭ್ಯಾಸಬಲದಿಂದ ಅವಳ ಮೂಗನ್ನು ಗಮನಿಸತೊಡಗಿದ. ಮನೆಯಲ್ಲಿ ಒಂದು ಮೂಗಾದರೂ ಎದುರಿಗಿದ್ದರೆ ಅವನಿಗೆ ಕೆಲಸ ಸಲೀಸು.

ಆಫ್ರಾ ಸೋಫಾ ಹತ್ತಿ ನಿಂತಳು. ಕೈ ಬಿಟ್ಟಳು. ಕೆಳಗೆ ಹಾರಿದಳು. ಮತ್ತೆ ಮೂಗು ಹಿಡಿದುಕೊಂಡಳು. ಮಕ್ಕಳಿಗೆ ಯಾವುದೂ ಆಟವೇ. ಹತ್ತಿದಳು, ಬಿಟ್ಟಳು, ಹಾರಿದಳು, ಹಿಡಿದಳು.

ರಮೀಝನ ಬ್ರಶ್ಶು ನಿಧಾನವಾಯಿತು.

ಮೊಟ್ಟೆಯ ನಾತವಾದರೆ ಸೋಫಾದ ಮೇಲೂ ಇರಬೇಕು. ಕಲೆಯಿರುವುದು ಸೋಫಾದ ಪಕ್ಕದಲ್ಲೇ. ಅವಳನ್ನು ಪರೀಕ್ಷಿಸಬೇಕೆನಿಸಿ ಅವನು ಕಲೆಯನ್ನು ತಟ್ಟಿ, "ಬಾ ಮಗಾ, ಇಲ್ಲಿ ಕೂತುಕೋ" ಎಂದ. ಅವಳು ಬಂದು ಕೂತಳು, ಮುಖ ಸಿಂಡರಿಸಿದಳು. "ಅಲ್ಲಿ ಹೋಗು" ಎಂದು ಊಟದ ಕೋಣೆಯ ಮೆಟ್ಟಿಲ ಬುಡ ತೋರಿಸಿದ. ಕಲೆಯಿಂದ ಅದು ಹನ್ನೆರಡು ಅಡಿ ದೂರ. ನಾತ ಅಲ್ಲಿ ಕಡಿಮೆಯಾಗಬೇಕಿತ್ತು. ಆಫ್ರಾ ಮೆಟ್ಟಿಲ ಬುಡಕ್ಕೆ ಹೋದವಳೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು "ವ್ಯಾ" ಎಂದು ಓಕರಿಸಿದಳು.

ನಾತ ಬರುತ್ತಿದ್ದದ್ದು ಕಲೆಯಿಂದಲ್ಲ. ಮೆಟ್ಟಿಲ ಮೇಲಿನಿಂದ ಇಳಿದು ಬರುತ್ತಿತ್ತು. ಇಳಿದು ಬಂದು ನೆಲದ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು.

ದೇರಾದಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಇದ್ದಾಗ, ಅವರಲ್ಲಿ ಹಿರಿಯನಾದವನು ಹೊಸಬರಿಗೆಲ್ಲ ಒಂದು ಮಾತು ಹೇಳುತ್ತಿದ್ದ. ಊದಿನ ಹೊಗೆ ಮೇಲೆ ಹೋಗುತ್ತದೆ, ಒಲೆಯ ಗ್ಯಾಸು ಕೆಳಗೆ ಹರಿಯುತ್ತದೆ, ಚಾಪೆಯ ಮೇಲೆ ಮಲಗಿದವನೇ ಮೊದಲು ಸಾಯುವುದು, ಕಡ್ಡಿ ಗೀರುವ ಮೊದಲು ಬಾಗಿಲು ತೆಗೆ ಎನ್ನುತ್ತಿದ್ದ. ಆ ಮಾತು ಈಗ ಯಾಕೆ ನೆನಪಾಯಿತೆಂದು ಕೇಳುವ ಅಗತ್ಯ ರಮೀಝನಿಗೆ ಬೀಳಲಿಲ್ಲ. ಮೆಟ್ಟಿಲ ಮೇಲೆ ಊಟದ ಕೋಣೆ. ಅದರಾಚೆ ನಿನ್ನೆ ಸಂಜೆಯಿಂದ ಬಾಗಿಲು ಹಾಕಿದ ಅಡುಗೆಮನೆ.

ಅವನು ಬ್ರಶ್ಶು ಕೆಳಗಿಟ್ಟ.

"ಆಫ್ರಾ, ಈ ನಾತ ನೀನು ಮೊದಲು ನೋಡಿದ್ದೀಯಾ?" ಎಂದು ಪಿಸುಗುಟ್ಟಿದ. ಯಾಕೆ ಪಿಸುಗುಟ್ಟಿದನೋ, ಜೋರಾಗಿ ಹೇಳಿದರೆ ಕಿಡಿ ಹಾರುತ್ತದೆಯೇನೋ ಎಂಬಂತೆ.

"ಉಮ್ಮ ಒಲೆ ಹೊತ್ತಿಸುವಾಗ" ಎಂದಿತು ಮಗು. "ಟಕ್ ಟಕ್ ಮಾಡುವಾಗ."

ಅವನು ಗೋಡೆಯ ಸ್ವಿಚ್ಚಿನ ಕಡೆ ನೋಡಿದ. ಅವನೇ ಒತ್ತಿ ಬಿಟ್ಟ ಸ್ವಿಚ್ಚು. ಕರೆಂಟು ಬಂದ ಕ್ಷಣ ಯಂತ್ರ ತಾನಾಗಿ ಗುಡುಗುತ್ತದೆ. ಅದರ ಮೋಟರಿನಲ್ಲಿ ನೀಲಿ ಕಿಡಿಗಳು ಓಡಾಡುವುದನ್ನು ಅವನೇ ಎಷ್ಟೋ ಸಲ ಕಂಡಿದ್ದ. ಈಗ ಹೋಗಿ ಆರಿಸೋಣವೆಂದರೆ, ಬೆರಳಿಡುವಾಗಲೇ ಕರೆಂಟು ಬಂದರೆ? ಹಿತ್ತಲಲ್ಲಿ ಸೈನಬರ ದನಿ ಕೇಳಿಸಿತು. "ಇನ್ನೆರಡು ಹಾಕು ಮಾರಾಯ, ಇದು ಆರ್ತದೆ" ಎಂದು ಅಬ್ಬಾಸನಿಗೆ ಹೇಳುತ್ತಿದ್ದರು. ಕೆಂಡ. ಅವನೇ ಕೇಳಿ ತರಿಸಿದ ಕೆಂಡ.

ಈಗ ಕೂಗಬೇಕಿತ್ತು. ಅವನು ಕೂಗಲಿಲ್ಲ.

ಆ ಐದಾರು ಕ್ಷಣಗಳಲ್ಲಿ ಅವನ ತಲೆಯಲ್ಲಿ ನಡೆದದ್ದನ್ನು ಹೇಳಿದರೆ ಯಾರಿಗಾದರೂ ಅಸಹ್ಯವಾದೀತು. ಗ್ಯಾಸು ಹೌದೋ ಅಲ್ಲವೋ, ಮೂರು ವರ್ಷದ ಮಗುವಿನ ಮಾತು. ಅಲ್ಲವಾದರೆ? ಹೌದೇ ಆದರೂ, ಮೂಗಿಟ್ಟು ಮೂಸಿ ಮೊಟ್ಟೆ ಎಂದವನು ನೀನೇ ಅಲ್ಲವೇ ಎಂದು ಕೇಳಿದರೆ? ಏನಾದರೂ ನೆಪ ಹೇಳಿ ಕೆಂಡವನ್ನು ಹೊರಗೇ ನಿಲ್ಲಿಸಬಹುದೇ, ಊದಿನ ಡಬ್ಬಿ ವ್ಯಾನಿನಲ್ಲಿ ಮರೆತೆ ಎನ್ನಬಹುದೇ, ಆಮೇಲೆ ಮೆಲ್ಲನೆ ಅಡುಗೆಮನೆಗೆ ಹೋಗಿ ಯಾರಿಗೂ ತಿಳಿಯದಂತೆ ಗ್ಯಾಸು ಬಂದ್ ಮಾಡಿ ಬರಬಹುದೇ? ಬೆಂಕಿಯ ಬಾಯಲ್ಲಿ ಒಂದು ಮಗುವಿನ ಜೊತೆ ನಿಂತು ಆ ಮನುಷ್ಯ ತನ್ನ ಮೂಗಿನ ಮಾನ ಕಾಯುವ ದಾರಿ ಹುಡುಕುತ್ತಿದ್ದ.

ಅಷ್ಟರಲ್ಲಿ ಸಮೀನಾ ಕೋಣೆಯಿಂದ ಬಂದಳು. "ಅಬ್ಬಾ, ಇದೇನು ಈ ನಾತ! ಇರಲಿ, ಇನ್ವರ್ಟರ್ ಹೋದರೆ ಹೋಗಲಿ" ಎನ್ನುತ್ತ ಫ್ಯಾನಿನ ಸ್ವಿಚ್ಚಿನತ್ತ ಕೈ ಚಾಚಿದಳು. ಅದೇ ಹೊತ್ತಿಗೆ ಬದಿಯ ಬಾಗಿಲಲ್ಲಿ ಸೈನಬ ಕಾಣಿಸಿದರು. ಎರಡೂ ಕೈಗಳಿಂದ ಹಿತ್ತಾಳೆಯ ಧೂಪದ ಪಾತ್ರೆಯನ್ನು ಹಿಡಿದು, ಒಂದೊಂದೇ ಹೆಜ್ಜೆ ನೋಡಿಕೊಂಡು ಬರುತ್ತಿದ್ದರು. ಕೆಂಡ ಕೆಂಪಗೆ ಉಸಿರಾಡುತ್ತಿತ್ತು.

"ಮುಟ್ಟಬೇಡಿ!" ರಮೀಝನ ಗಂಟಲಿನಿಂದ ಬಂದ ದನಿ ಅವನಿಗೇ ಗುರುತು ಸಿಗಲಿಲ್ಲ. "ಸ್ವಿಚ್ಚು ಮುಟ್ಟಬೇಡಿ! ಉಮ್ಮಾ, ಅಲ್ಲೇ ನಿಲ್ಲಿ! ಗ್ಯಾಸು! ಇದು ಗ್ಯಾಸು!"

ಸಮೀನಾಳ ಬೆರಳು ಸ್ವಿಚ್ಚಿನಿಂದ ಗೇಣುದ್ದದಲ್ಲಿ ನಿಂತಿತು. "ಮೊಟ್ಟೆ ಅಂದಿರಲ್ಲ?"

"ನನಗೆ ವಾಸನೆ ಬರುವುದಿಲ್ಲ!" ಎಂದು ರಮೀಝ್ ಅರಚಿದ. "ನನಗೆ ಮೂಗಿಲ್ಲ! ಸುಳ್ಳು ಹೇಳಿದೆ! ಮಗುವನ್ನು ಎತ್ತಿಕೊಂಡು ಓಡಿ!"

ಸಮೀನಾ ಒಂದು ಸಲ ಉಸಿರೆಳೆದಳು. ಒಮ್ಮೆ ಗ್ಯಾಸೆಂದು ಯಾರಾದರೂ ಹೇಳಿದ ಮೇಲೆ ಅದು ಗ್ಯಾಸೇ, ಮೊಟ್ಟೆ ಎಂದು ನಂಬಿದ್ದಾದರೂ ಹೇಗೆ ಎನಿಸುತ್ತದೆ. ಅವಳು ಆಫ್ರಾಳನ್ನು ಬಾಚಿಕೊಂಡು ಮುಂಬಾಗಿಲಿನಿಂದ ಹೊರಗೋಡಿದಳು.

ಸೈನಬ ಮಾತ್ರ ಕದಲಲಿಲ್ಲ. ಅಷ್ಟು ವಯಸ್ಸಾದವರು ಹೆದರಿದಾಗ ಓಡುವುದಿಲ್ಲ, ನಿಂತುಬಿಡುತ್ತಾರೆ. ಊಟದ ಕೋಣೆಯ ನಡುವೆ, ಮುಚ್ಚಿದ ಅಡುಗೆಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೆಂಡ ಹಿಡಿದುಕೊಂಡು ಅವರು ನಡುಗುತ್ತಿದ್ದರು. ಪಾತ್ರೆಯೂ ನಡುಗುತ್ತಿತ್ತು. ಅಂಚಿನಲ್ಲಿದ್ದ ಒಂದು ಕೆಂಡ ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂಬಂತಿತ್ತು.

ರಮೀಝ್ ಎರಡು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿದ. ಹಿಡಿಕೆ ಸೈನಬರ ಕೈಯಲ್ಲಿತ್ತು. ಬಿಡಿಸಿಕೊಳ್ಳಲು ಸಮಯವಿರಲಿಲ್ಲ. ಅವನು ಕಾದ ಪಾತ್ರೆಯ ಹೊಟ್ಟೆಗೇ ಎರಡೂ ಅಂಗೈಗಳನ್ನು ಹಾಕಿ ಕಿತ್ತುಕೊಂಡ. ಕೈ ಬೇಯುತ್ತಿರುವುದು ತಿಳಿಯಿತು, ಆದರೆ ಬಿಡುವಂತಿರಲಿಲ್ಲ. ಬದಿಯ ಬಾಗಿಲಿಗೆ ಎಷ್ಟು ಹೆಜ್ಜೆ? ಏಳು, ಎಂಟು. ಪ್ರತಿ ಹೆಜ್ಜೆಗೂ ಬೆನ್ನಹಿಂದೆ ಈಗ ಭಗ್ಗೆನ್ನುತ್ತದೆ ಎಂದು ಕಾಯುತ್ತಲೇ ಅವನು ಓಡಿದ. ಬಾಗಿಲು ದಾಟಿ, ಅಂಗಳ ದಾಟಿ, ಬಾವಿಕಟ್ಟೆಯ ಪಕ್ಕದ ನೀರಿನ ತೊಟ್ಟಿಗೆ ಪಾತ್ರೆಯನ್ನೂ ಕೈಗಳನ್ನೂ ಒಟ್ಟಿಗೆ ಮುಳುಗಿಸಿದ.

"ಒಲೆ ಆರಿಸು!" ಎಂದು ಅಬ್ಬಾಸನಿಗೆ ಕೂಗಿದ.

"ಬಿರಿಯಾನಿ ದಮ್ಮಿಗೆ ಇಡುವ ಹೊತ್ತು ಮಾರಾಯ!" ಎಂದ ಅಬ್ಬಾಸ್.

ಅಷ್ಟರಲ್ಲಿ ಓಡಿಬಂದಿದ್ದ ಹಾಜಿಯವರು ಬಕೆಟ್ಟೆತ್ತಿ ತಾವೇ ಒಲೆಗೆ ನೀರು ಸುರಿದರು. ಬಿರಿಯಾನಿ ಅಲ್ಲಿಗೆ ನಿಂತಿತು. ಅಬ್ಬಾಸ್ ಸೈನಬರ ರಟ್ಟೆ ಹಿಡಿದು ಹೊರಗೆ ಕರೆತಂದ.

ಮೀಟರಿನ ಹಲಗೆ ಇದ್ದದ್ದು ಮುಂದಿನ ಜಗಲಿಯ ಹೊರಗೋಡೆಯಲ್ಲಿ. ರಮೀಝ್ ಮನೆ ಸುತ್ತಿ ಓಡಿ, ಮೊಣಕೈಯಿಂದ ಮೈನ್ ಸ್ವಿಚ್ಚನ್ನು ಕೆಳಗೆ ತಳ್ಳಿದ. ಇನ್ವರ್ಟರು ಜಗಲಿಯ ಮೂಲೆಯಲ್ಲೇ ಇತ್ತು, ಹಿಂದೆಯೇ ಓಡಿಬಂದ ಹಾಜಿಯವರು ಅದನ್ನೂ ಆರಿಸಿದರು. ರಮೀಝ್ ಉಸಿರು ಬಿಟ್ಟು ಗೋಡೆಗೆ ಒರಗಿದನಷ್ಟೇ, ಪಕ್ಕದ ಮನೆಯ ಪಂಪು ಗುರ್ರೆಂದು ಶುರುವಾಯಿತು. ಬೀದಿಯ ಆಚೆ ಯಾರದೋ ಟಿ.ವಿ. ಮಾತಾಡತೊಡಗಿತು.

ಕರೆಂಟು ಬಂದಿತ್ತು.

ಅಂಗಳದಲ್ಲಿ ಸಮೀನಾ ಆಫ್ರಾಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳಿಗೂ ಪಂಪಿನ ಸದ್ದು ಕೇಳಿಸಿತ್ತು. ಅವಳೂ ರಮೀಝನೂ ಒಬ್ಬರನ್ನೊಬ್ಬರು ನೋಡಿದರು.

ಅಡುಗೆಮನೆಯ ಹಿಂಬಾಗಿಲನ್ನು ಹೊರಗಿನಿಂದ ತೆಗೆದು, ಬೆಂದ ಕೈಯಲ್ಲೇ ರೆಗ್ಯುಲೇಟರು ತಿರುಗಿಸಿದ್ದು ರಮೀಝನೇ. ಮುಖಕ್ಕೆ ಒದ್ದೆ ಟವೆಲು ಸುತ್ತಿ ಹಾಜಿಯವರು ಹಿಂದೆ ನಿಂತು, "ಇಲ್ಲಿ ಜೋರುಂಟು, ಇಲ್ಲಿ ಜೋರುಂಟು" ಎಂದು ಹೇಳುತ್ತಿದ್ದರು. ಅವರ ನೆಗಡಿಯ ಮೂಗಿಗೂ ಅಲ್ಲಿ ಗೊತ್ತಾಗುತ್ತಿತ್ತು. ಸಿಂಕಿನಡಿಯ ಕಪಾಟಿನಲ್ಲಿ ರಬ್ಬರಿನ ಪೈಪನ್ನು ಇಲಿ ಕಚ್ಚಿತ್ತು. ಹಲ್ಲಿನ ಗುರುತು ಚೊಕ್ಕವಾಗಿ ಕಾಣುತ್ತಿತ್ತು. ಎಲ್ಲ ಕಿಟಕಿಗಳನ್ನು ತೆರೆದು, ಸಿಲಿಂಡರನ್ನು ಹೊತ್ತು ತೋಟದ ಆಚೆ ಇಟ್ಟು ಬಂದರು.

ಗಂಡಿನ ಕಡೆಯವರು ನಾಲ್ಕಕ್ಕೆ ಬಂದರು. ಒಳಗೆ ಸೆಕೆ ಎಂದು ಹೇಳಿ ಅವರನ್ನು ಶಾಮಿಯಾನದಡಿ ಕೂರಿಸಿದರು. ಅರ್ಧ ಬೆಂದ ಬಿರಿಯಾನಿಯನ್ನು ಅಬ್ಬಾಸ್ ಹೇಗೋ ಮತ್ತೆ ಒಲೆ ಹೂಡಿ ಸರಿಮಾಡಿದ್ದ. ಅವರು ಉಂಡರು, ಹುಡುಗಿಯನ್ನು ನೋಡಿದರು, ಒಪ್ಪಿದರು, ಹೋದರು. ಆವರೆಗೆ ರಮೀಝ್ ಹಿಂದಿನ ಜಗಲಿಯಲ್ಲಿ, ಎರಡೂ ಕೈಗಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ. ಹೋಗೆಂದು ಯಾರೂ ಹೇಳಲಿಲ್ಲ. ವ್ಯಾನು ಬಿಡಲು ಕೈಯೂ ಇರಲಿಲ್ಲ.

ಅತಿಥಿಗಳನ್ನು ಕಳಿಸಿ ಹಾಜಿಯವರು ಬಂದು ಪಕ್ಕದಲ್ಲಿ ಕೂತರು. "ನೋಡು ರಮೀಝ್. ಆಗಲಿದ್ದದ್ದು ಆಗಲಿಲ್ಲ. ನಿನ್ನ ಮೂಗಿನ ವಿಷಯ ಈ ಮನೆಯ ಗೇಟು ದಾಟುವುದಿಲ್ಲ. ನನ್ನ ಮಾತು. ನೀನು ಹೊಟ್ಟೆಪಾಡಿಗೆ ಮಾಡಿದ್ದು" ಎಂದರು.

ಅಂದರೆ ಯಾರಿಗೂ ತಿಳಿಯುವುದಿಲ್ಲ. ಕೈ ಗುಣವಾದ ಮೇಲೆ ಮತ್ತೆ ಟೊಪ್ಪಿ ತೆಗೆದು, ಮೊಣಕಾಲೂರಿ... ರಮೀಝನ ಕಣ್ಣು ತುಂಬಿತು. ಹಾಜಿಯವರ ಕೈ ಹಿಡಿಯಬೇಕೆಂದರೆ ಹಿಡಿಯಲು ಅಂಗೈಯಿರಲಿಲ್ಲ.

ಒಳಗಿನಿಂದ ಸೈನಬ ಬಂದರು. ಕುರ್ಚಿ ಎಳೆದು ಅವನ ಎದುರಿಗೇ ಕೂತರು.

"ನಿನ್ನೆ ರಾತ್ರಿ ಸೆಕೆ ಅಂತ ಆಫ್ರಾ ಆ ಕಾರ್ಪೆಟ್ಟಿನ ಮೇಲೆ ಮಲಗಿದ್ದಳು" ಎಂದರು. "ನಮಗೆ ಗೊತ್ತಿರಲಿಲ್ಲ. ಅದು ನಮ್ಮ ತಪ್ಪು. ನೀನು ಬಂದ ಮೇಲೆ ಸಮೀನಾ ಕೇಳಿದಳು, ಮೊಟ್ಟೆಯದ್ದೇನಾ ಅಂತ. ಅವಳಿಗೆ ಅನುಮಾನ ಬಂದಿತ್ತು. ನೀನು ಅವಳ ಬಾಯಿ ಮುಚ್ಚಿಸಿದೆ. ಕೆಂಡ ನನ್ನ ಕೈಯಿಂದ ತರಿಸಿದೆ. ನನ್ನ ಮೊಮ್ಮಗಳು ಅಲ್ಲಿ ಆಡುತ್ತಿರುವಾಗ."

"ಹೌದುಮ್ಮ" ಎಂದ ರಮೀಝ್.

"ನಾಲ್ಕು ವರ್ಷದಲ್ಲಿ ಎಷ್ಟು ಮನೆಗೆ ಹೋಗಿದ್ದೀಯೋ!"

"ಸಾಕು, ಬಿಡು" ಎಂದರು ಹಾಜಿಯವರು. ಸೈನಬ ಗಂಡನ ಕಡೆ ನೋಡಲೂ ಇಲ್ಲ.

ಬೆಂಚಿನ ಮೇಲಿದ್ದ ರಮೀಝನ ಫೋನು ಆಗ ರಿಂಗಾಯಿತು. ಹಳೆಯ ಗಿರಾಕಿ, ಮೂಡುಬಿದಿರೆ ಕಡೆಯ ಶಿರ್ತಾಡಿಯ ಸುಂದರಿಯಕ್ಕನ ಹೆಸರು ಮೂಡಿತ್ತು. ಅವನಿಗೆ ಎತ್ತಲಾಗಲಿಲ್ಲ. ಸೈನಬ ಫೋನು ತೆಗೆದು, ಒತ್ತಿ, ಅವನ ಕಿವಿಗೆ ಹಿಡಿದರು. ಸುಂದರಿಯಕ್ಕನ ದನಿ ಹೊರಗೂ ಕೇಳುವಷ್ಟು ಗಟ್ಟಿ.

"ರಮೀಝಣ್ಣ, ನಾಳೆ ಬರ್ತೀರಲ್ಲ? 'ಬರುವುದು ಖಂಡಿತವಾ ಕೇಳು' ಅಂತ ಇವರು ಬೆಳಿಗ್ಗೆಯಿಂದ ಪಿರಿಪಿರಿ. ಟಿ.ವಿ. ಕೋಣೆಯ ಕಾರ್ಪೆಟ್ಟು ಮತ್ತೆ ನಾರಲಿಕ್ಕೆ ಶುರುವಾಗಿದೆ. ಈ ಸಲ ನಾಯಿಯದ್ದಲ್ಲ, ಬೇರೆಯೇ ಒಂಥರಾ ಉಂಟು. ಏನಂತ ನೀವೇ ಮೂಸಿ ಹೇಳಬೇಕು. ಕೆಂಡ ಮಾಡಿಟ್ಟಿರ್ತೇನೆ."

ಬೇರೆಯೇ ಒಂಥರಾ. ಹಾಜಿಯವರು ಕಣ್ಸನ್ನೆಯಲ್ಲೇ ಅವನಿಗೆ ಧೈರ್ಯ ಹೇಳುತ್ತಿದ್ದರು. ನಾಲ್ಕು ದಿನ ಬಿಟ್ಟು ಬರ್ತೇನೆ ಅಕ್ಕ ಎಂದರೆ ಮುಗಿದಿತ್ತು. ಹಾಗೆ ಹೇಳಲು ಬಾಯಿ ತೆರೆದೂ ಇದ್ದ. ಆದರೆ ಎಷ್ಟೋ ಮೈಲು ಆಚೆ, ಅವನು ಕಾಣದ ಕೋಣೆಯಲ್ಲಿ, ಯಾರೋ ಆಗಲೇ ಕೆಂಡ ಊದುತ್ತಿರುವಂತೆ ಅವನಿಗೆ ಕಂಡಿತು. ಬೆಳಿಗ್ಗೆ ಕೂಗುವುದಕ್ಕೆ ಮೊದಲು ಕಳೆದುಹೋದ ಆ ಐದಾರು ಕ್ಷಣಗಳು ನೆನಪಾದವು.

"ಕೆಂಡ ಮಾಡಬೇಡಿ ಅಕ್ಕ" ಎಂದ. "ಮೊದಲು ಗ್ಯಾಸು ಬಂದ್ ಮಾಡಿ, ಕಿಟಕಿ ತೆಗೆದು, ಗೊತ್ತಿರುವವರನ್ನು ಕರೆದು ತೋರಿಸಿ. ನನಗೆ... ನನಗೆ ವಾಸನೆ ಗೊತ್ತಾಗುವುದಿಲ್ಲ. ಕೊರೋನದಲ್ಲಿ ಹೋದದ್ದು ಬರಲೇ ಇಲ್ಲ."

ಆ ಕಡೆಯಿಂದ ಕೋಳಿ ಕೂಗುವುದು ಮಾತ್ರ ಕೇಳಿಸಿತು.

"ಹಾಗಾದರೆ ಕಳೆದ ವರ್ಷ ನೀವು ನೆಲಕ್ಕೆ ಮೂಗಿಟ್ಟು ಹೇಳಿದ್ದು?"

"ಸುಳ್ಳು ಅಕ್ಕ."

"ಅದರ ಹಿಂದಿನ ವರ್ಷ?"

"ಅದೂ ಸುಳ್ಳು."

ಫೋನು ಕಟ್ಟಾಯಿತು. ಹಾಜಿಯವರು ತಲೆಯ ಮೇಲೆ ಕೈಹೊತ್ತು ಕೂತರು. ನಾಳೆಯೊಳಗೆ ಶಿರ್ತಾಡಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಬಿ.ಸಿ.ರೋಡಿಗೆ. ರಮೀಝನಿಗೆ ಅದು ಗೊತ್ತಿತ್ತು.

ಸೈನಬ ಫೋನಿಗೆ ಅಂಟಿದ ಬೆವರನ್ನು ಸೆರಗಿನಿಂದ ಒರೆಸಿದರು. ಕನ್ನಡಕ ಏರಿಸಿಕೊಂಡು, ಹೆಸರುಗಳ ಪಟ್ಟಿ ತೆರೆದು, ಬೆರಳನ್ನು ಅದರ ಮೇಲಿಟ್ಟು ಕೇಳಿದರು, "ಮುಂದಿನದು ಯಾರಿಗೆ? ಹೆಸರು ಹೇಳು, ನಾನು ಒತ್ತಿ ಕೊಡ್ತೇನೆ."

ರಮೀಝ್ ಪಟ್ಟಿಯ ಮೇಲೆ ಕಣ್ಣಾಡಿಸಿದ. ಆಮೇಲೆ ಹೆಂಡತಿಯ ಹೆಸರು ಹೇಳಿದ.